ನಲವತ್ತು ಹೆಜ್ಜೆ ಆಚೆಯ ಮನೆ

ಕೋಕ್-ಬುಲಾಕ್
12 ಮೇ 2011

ಕುಂದುಜ್,

ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಕಟ್ ಮಾಡುತ್ತೀ. ಅದಕ್ಕೆ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು, ಹರಿದರೆ ಇನ್ನೊಂದು ಬರೆಯುತ್ತೇನೆ. ನಾನು ಐದನೇ ತರಗತಿಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನು. ಅಕ್ಷರ ಸೊಟ್ಟಗಿದ್ದರೆ ನೆಟ್ಟಗೆ ಮಾಡಿಕೊಂಡು ಓದು.

ವಿಷಯ ಒಂದೇ. ಮೇರಿಮ್‌ಗೆ ಏಳು ತುಂಬಿತು. ಸೆಪ್ಟೆಂಬರ್ ಒಂದಕ್ಕೆ ಶಾಲೆಗೆ ಸೇರಬೇಕು. ಅವಳು ಸೇರುವುದು ಇಲ್ಲಿನ ಶಾಲೆಗೆ, ನಮ್ಮ ಮನೆಯಿಂದ. ಮೊದಲ ಮೊಮ್ಮಗು ಅಜ್ಜ ಅಜ್ಜಿಯದು. ಅವರನ್ನೇ ಅಪ್ಪ, ಅಮ್ಮ ಎಂದು ಕರೆದು ಬೆಳೆಯಬೇಕು. ಇದು ನಾನು ಹುಟ್ಟಿಸಿದ ಪದ್ಧತಿಯಲ್ಲ, ನನ್ನನ್ನೂ ಹಾಗೇ ಬೆಳೆಸಿದ್ದು. ಅವಳು ಹುಟ್ಟಿದಾಗಲೇ ಕೇಳಿದ್ದೆ. "ಇನ್ನೂ ಹಾಲು ಕುಡಿಯೋ ಕೂಸಪ್ಪಾ, ಸ್ವಲ್ಪ ದಿನ ಇರ್ಲಿ" ಎಂದ ಎರ್ಮೆಕ್. ಮಗ ಕೇಳಿದ ಎಂದು ಸುಮ್ಮನಾದೆ. ಆಮೇಲೆ ಘಾಟಿಯಲ್ಲಿ ಅವನ ಲಾರಿ ಉರುಳಿತು. ಎರಡು ಚಳಿಗಾಲ ನಿನ್ನನ್ನು ಏನೂ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ನೀನು ಬೆಳಗಿನಿಂದ ಸಂಜೆವರೆಗೆ ಹೊಲಿಗೆ ಶೆಡ್ಡಿನಲ್ಲಿ ಮಿಷನ್ ತುಳಿಯುತ್ತೀ. ಮಕ್ಕಳು ನಾಲ್ಕನೇ ಮಹಡಿಯಲ್ಲಿ ಟಿವಿ ನೋಡುತ್ತಾರೆ. ತಿಲೆಕ್‌ಗೆ ನಾಲ್ಕು ವರ್ಷವಾದರೂ ಕುರಿ ಯಾವುದು ಮೇಕೆ ಯಾವುದು ಗೊತ್ತಿಲ್ಲ ಎಂದು ನಿನ್ನ ಅತ್ತೆ ಸಾಯ್ರಾ ಕಣ್ಣು ಒರೆಸಿಕೊಳ್ಳುತ್ತಾಳೆ. ಜೂನಿನಲ್ಲಿ ನಾವು ಮೇಲಿನ ಹುಲ್ಲುಗಾವಲಿಗೆ ಹೋಗುತ್ತೇವೆ. ಇಬ್ಬರನ್ನೂ ಕರೆದುಕೊಂಡು ಬಾ. ಹೋಗುವಾಗ ತಿಲೆಕ್‌ನನ್ನು ಕರೆದುಕೊಂಡು ಹೋಗು.

ಮನೆಯ ಹಿರಿಯ,
ಒಮುರ್ಜಾಕ್

*

ಬಿಷ್ಕೆಕ್
26 ಮೇ 2011

ಮಾವನವರಿಗೆ ತಲೆಬಾಗಿ ಸಲಾಮು.

ನಿಮ್ಮ ಕಾಗದ ಹರಿಯಲಿಲ್ಲ. ಇದರ ಲಕೋಟೆಯ ಮೇಲೆ ನಿಮ್ಮ ಹೆಸರಿಲ್ಲ, ಕೋಪ ಮಾಡಿಕೊಳ್ಳಬೇಡಿ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅತ್ತೆ ಕಲಿಸಿದ್ದರು. ಬರೆಯಬಹುದೋ ಇಲ್ಲವೋ ಕಲಿಸಿರಲಿಲ್ಲ. ಅದಕ್ಕೆ ಮಿನಿಬಸ್ಸಿನ ಡ್ರೈವರಿಗೆ, "ನೀಲಿ ಗೇಟಿನ ಮನೆ, ಜೋರು ಬಾಯಿಯ ಹಿರಿಯರು" ಎಂದು ಮೊದಲೇ ಹೇಳಿಟ್ಟಿದ್ದೇನೆ. "ಅಷ್ಟು ಸಾಕು ಬಿಡಕ್ಕಾ, ಗೊತ್ತಾಯ್ತು" ಎಂದ.

ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಹತ್ತು ದಿನ ಇರುತ್ತೇವೆ. ಆದರೆ ಅಲ್ಲಿ ನೀವು ಕಂಬಳಿ ಹೊದಿಸಿ ನಿಲ್ಲಿಸುವ ಕಂಬಳಿ ಮನೆಯಲ್ಲಿ ಮಲಗುವುದಿಲ್ಲ. ನಾನೇ ಒಂದು ಡೇರೆ ಹೊಲಿದಿದ್ದೇನೆ. ಶೆಡ್ಡಿನ ಯಜಮಾನಿಯ ತಮ್ಮನ ಹತ್ತಿರ ಒಂದು ಡೇರೆ ಇತ್ತು. ಅದನ್ನು ಭಾನುವಾರ ಕೇಳಿ ತಂದು, ನೆಲಕ್ಕೆ ಹರಡಿ, ಕಾಗದದ ಮೇಲೆ ಅಳತೆ ತೆಗೆದುಕೊಂಡೆ. ಬಟ್ಟೆಯೆಲ್ಲ ಚಳಿ ಜಾಕೆಟ್ ಹೊಲಿದು ಉಳಿದ ತುಂಡುಗಳು. ನೀಲಿ ಇದೆ, ಕೆಂಪು ಇದೆ, ಒಂದು ಕಡೆ ಹೊಳೆಯುವ ಹಳದಿ ಇದೆ. ಹೊಲಿಗೆಯ ಮೇಲೆಲ್ಲ ಮೇಣದಬತ್ತಿ ಉಜ್ಜಿದ್ದೇನೆ. ಸ್ನಾನದ ಮನೆಯಲ್ಲಿ ನೇತುಹಾಕಿ ನೀರು ಸುರಿದು ನೋಡಿದೆವು. ಮೇರಿಮ್ ಒಳಗೆ ಕೂತಿದ್ದಳು, ಒದ್ದೆಯಾಗಲಿಲ್ಲ.

ಯಾಕೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಮೇರಿಮ್ ನಿಮ್ಮ ಸೂರಿನಡಿ ಒಂದು ರಾತ್ರಿ ಮಲಗಿದರೆ ಬೆಳಗಾಗುವುದರೊಳಗೆ ಅವಳ ಬಟ್ಟೆ ನಿಮ್ಮ ಪೆಟ್ಟಿಗೆಯಲ್ಲಿ ಇರುತ್ತದೆ. ನನಗೆ ನಿಮ್ಮ ಮೇಲೆ ಕೋಪವಿಲ್ಲ ಮಾವ. ಹೆದರಿಕೆ ಇದೆ.

ನಾನು ಬಯಲಿನಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ಮಕ್ಕಳೂ ಅಷ್ಟೆ. ಡೇರೆಯನ್ನು ಎಂಥ ಜಾಗದಲ್ಲಿ ಹಾಕಬೇಕು ಎಂದು ಕೇಳೋಣವೆಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ.

ಕುಂದುಜ್

*

ಕೋಕ್-ಬುಲಾಕ್
4 ಜೂನ್ 2011

ಕುಂದುಜ್,

ನಿನ್ನ ಕಾಗದ ಓದಿ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮನೆಯಲ್ಲಿ ಎಷ್ಟು ನೆಮ್ಮದಿ ಎಂದಳು ನಿನ್ನ ಅತ್ತೆ.

ಅಜ್ಜನ ಕಂಬಳಿ ಮನೆ ಅಷ್ಟು ದೊಡ್ಡದಾಗಿ ನಿಂತಿರುವಾಗ ಮೊಮ್ಮಕ್ಕಳು ಪ್ರವಾಸಿಗರ ಹಾಗೆ ಜಾಕೆಟ್ಟಿನ ಚೂರಿನೊಳಗೆ ಮಲಗುವುದೇ? ಒಲೆ ಇಲ್ಲ, ಹೊಗೆಕಿಂಡಿ ಇಲ್ಲ, ಎದ್ದು ನಿಂತರೆ ತಲೆ ತಾಗುತ್ತದೆ. ನೋಡಿದವರು ಏನನ್ನುತ್ತಾರೆ? ಒಮುರ್ಜಾಕ್ ಸೊಸೆಯನ್ನು ಹೊರಗೆ ಹಾಕಿದ ಎನ್ನುತ್ತಾರೆ. ಎರಡು ದಿನಕ್ಕೆ ಚಳಿ ತಿಂದು ನೀನೇ ನನ್ನ ಬಾಗಿಲಿಗೆ ಬರುತ್ತೀ, ಆಗ ನೋಡುತ್ತೇನೆ.

ಇನ್ನೊಂದು. ನಮ್ಮಲ್ಲಿ ಎರುಲುಕ್ ಎಂದಿದೆ, ಪೇಟೆಯಲ್ಲಿ ಬೆಳೆದ ನಿನಗೆ ಗೊತ್ತಿರಲಿಕ್ಕಿಲ್ಲ. ಹುಲ್ಲುಗಾವಲಿಗೆ ಯಾರಾದರೂ ಹೊಸದಾಗಿ ಬಂದು ಮನೆ ನಿಲ್ಲಿಸಿದರೆ, ಅವರಿನ್ನೂ ಒಲೆ ಹಚ್ಚುವ ಮೊದಲೇ, ಅಲ್ಲಿ ಮುಂಚೆಯಿಂದ ಇದ್ದವರು ಬಿಸಿ ಊಟ ಒಯ್ದು ಕೊಡಬೇಕು. ಅದೇ ಎರುಲುಕ್. ಅದನ್ನು ಉಂಡರೆ ಇವರು ಅವರಿಗೆ ನೆರೆ, ಅವರು ಇವರಿಗೆ ನೆರೆ ಎಂದು ಆಯಿತು. ಬೇಡ ಎಂದರೆ ಮುಖಕ್ಕೆ ಉಗುಳಿದ ಹಾಗೆ. ನಿನ್ನ ಡೇರೆಗೆ ನನ್ನಿಂದ ಎರುಲುಕ್ ಬರುತ್ತದೆ ಎಂದು ಕಾಯಬೇಡ. ಅದು ಮನೆಗೆ ಕೊಡುವಂಥದ್ದು. ಬಟ್ಟೆಯ ಚೀಲಕ್ಕಲ್ಲ.

ನೀನು ಹೇಗೂ ಹಠ ಬಿಡುವುದಿಲ್ಲ. ಮಕ್ಕಳು ನನ್ನವು, ಆದ್ದರಿಂದ ಬರೆಯುತ್ತೇನೆ. ಒಣಹಳ್ಳದಲ್ಲಿ ಹಾಕಬೇಡ. ನೆಲ ಎಷ್ಟೇ ಮೆತ್ತಗಿರಲಿ, ಮಧ್ಯಾಹ್ನ ಮೇಲೆ ಹಿಮ ಕರಗಿ ಸಂಜೆಗೆ ನೀರು ಬರುತ್ತದೆ. ಕುರಿ ನಡೆಯುವ ದಾರಿಗೆ ಹಗ್ಗ ಎಳೆಯಬೇಡ. ಬಾಗಿಲು ಸೂರ್ಯ ಹುಟ್ಟುವ ಕಡೆಗೆ, ಬೆನ್ನು ಗಾಳಿಗೆ. ಮಕ್ಕಳ ತಲೆ ಎತ್ತರದ ಕಡೆ ಬರಲಿ. ಮೊದಲು ಕಾಲು ಬೆಚ್ಚಗೆ ಮಾಡಿ ಆಮೇಲೆ ಮಲಗಿಸು. ಗೂಟವನ್ನು ನೆಟ್ಟಗೆ ಹೊಡೆಯಬೇಡ, ಓರೆಯಾಗಿ ಹೊಡಿ. ಡೇರೆಯೊಳಗೆ ಒಲೆ ಹಚ್ಚಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ನಾವು ಹದಿನೈದಕ್ಕೆ ಮೇಲೆ ಹೋಗುತ್ತೇವೆ. ಅದಾದ ಮೇಲೆ ಬಾ.

ಒಮುರ್ಜಾಕ್

*

ಬಿಷ್ಕೆಕ್
13 ಜೂನ್ 2011

ಮಾವನವರಿಗೆ ಸಲಾಮು.

ರಜೆ ಸಿಕ್ಕಿತು. ಹದಿನೆಂಟರ ಬೆಳಿಗ್ಗೆ ಕೋಕ್-ಬುಲಾಕಿನ ಆಚೆ ತಿರುವಿನಿಂದ ಹಾಲಿನ ಲಾರಿಯಲ್ಲಿ ನೇರವಾಗಿ ಮೇಲಕ್ಕೆ ಬರುತ್ತೇವೆ. ನೀವು ಬರೆದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಗೂಟ ಓರೆ ಹೊಡೆಯುವುದನ್ನು ತಿಲೆಕ್ ದಿಂಬಿನ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ.

ಎರುಲುಕ್ ವಿಷಯ ಓದಿ ಹೇಳಿದೆ. ಮೇರಿಮ್ ಒಂದು ಸಾಲು ಬರೆಸುತ್ತಿದ್ದಾಳೆ: "ಅಜ್ಜಾ, ನಮ್ಮ ಡೇರೆಗೂ ಬಾಗಿಲಿದೆ, ಜಿಪ್ಪಿನದು, ಒಳಗಿಂದ ಹಾಕಿಕೊಳ್ಳಬಹುದು."

ಕುಂದುಜ್

*

ಸಾರಿ-ಬೆಲ್ ಹುಲ್ಲುಗಾವಲು
21 ಜೂನ್ 2011

ಕುಂದುಜ್,

ನಲವತ್ತು ಹೆಜ್ಜೆ ದೂರಕ್ಕೆ ಕಾಗದ ಬರೆಯುತ್ತಿದ್ದೇನೆ ಎಂದು ನಿನ್ನ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನಗಲಿ. ನೀನು ಮಾವನೆದುರು ಬಾಯಿ ಬಿಡುವಂತಿಲ್ಲ, ನಾನು ಬಾಯಿ ಬಿಟ್ಟರೆ ಜಗಳ. ಮೇರಿಮ್ ತರುತ್ತಾಳೆ.

ನಾವು ನಿನ್ನೆ ಬಂದೆವು, ನೀವು ಹದಿನೆಂಟಕ್ಕೇ ಬಂದು ಕೂತಿದ್ದಿರಿ. ಮೊದಲೇ ಇದ್ದವರು ಹೊಸಬರಿಗೆ ಊಟ ಒಯ್ಯಬೇಕು ಎಂದು ನಾನೇ ಬರೆದಿದ್ದೆ. ನೀನು ಅದನ್ನೇ ಹಿಡಿದುಕೊಂಡು ಮಕ್ಕಳ ಕೈಯಲ್ಲಿ ನನಗೆ ಎರುಲುಕ್ ಕಳಿಸಿದೆ. ಉಂಡೆ. ಗಂಜಿಯ ತಳ ಹತ್ತಿತ್ತು.

ಪಾತ್ರೆ ವಾಪಸು ಕಳಿಸಿದ್ದೇನೆ. ಖಾಲಿ ಕಳಿಸುವುದು ನಮ್ಮಲ್ಲಿಲ್ಲ, ಅದರಲ್ಲಿ ಕೆನೆ ಇದೆ. ಬೇರೆ ಅರ್ಥ ಹುಡುಕಬೇಡ.

ಒಮುರ್ಜಾಕ್

*

(ಅದೇ ಹಾಳೆಯ ಹಿಂದೆ)

ಮಾವ, ಗಾಳಿಗೆ ಸ್ಟೌವಿನ ಉರಿ ಒಂದೇ ಕಡೆ ಬಾಗುತ್ತದೆ, ಅದಕ್ಕೆ ಹತ್ತಿತು. ಏನು ಅಡ್ಡ ಇಡಬೇಕು? ಕೆನೆಯನ್ನು ತಿಲೆಕ್ ಒಬ್ಬನೇ ಮುಗಿಸಿದ. — ಕುಂದುಜ್

ಚಪ್ಪಟೆ ಕಲ್ಲು. ಮೂರು ಕಡೆ. ಇಷ್ಟೂ ಗೊತ್ತಿಲ್ಲ. — ಒಮುರ್ಜಾಕ್

*

ಸಾರಿ-ಬೆಲ್
9 ಆಗಸ್ಟ್ 2011

ಕುಂದುಜ್,

ನೀವು ಹೋಗಿ ಆರು ವಾರವಾಯಿತು. ಮೇರಿಮ್‌ಳ ಶಾಲೆಯ ವಿಷಯವನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಲಾರಿ ಹತ್ತುವಾಗ ನೀನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದರೆ ಕೂಸಿನ ಬೆರಳು ಬೆಳ್ಳಗಾಗಿತ್ತು. ಇವತ್ತು ಅದನ್ನು ಮುಗಿಸುತ್ತೇನೆ. ಅದಕ್ಕೂ ಮುಂಚೆ ಕೆಲವನ್ನು ಹೇಳಬೇಕು. ಒಂದು ನೀನು ಕೇಳಿದರೆ ಬೈಯುವಂಥದ್ದು.

ಹದಿನೈದಕ್ಕೆ ಮೇಲೆ ಹೋಗುತ್ತೇವೆ ಎಂದು ಬರೆದಿದ್ದೆನಲ್ಲ, ಬೇಕೆಂದೇ ಹೋಗಲಿಲ್ಲ. ಕುರಿಯ ಉಣ್ಣೆ ಕತ್ತರಿಸುವುದು ಮುಗಿದಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ನನ್ನ ಲೆಕ್ಕ ಹೀಗಿತ್ತು. ನೀನು ಮೇಲೆ ಹೋಗುತ್ತೀ, ಖಾಲಿ ಬಯಲು, ಒಂದು ನರಪಿಳ್ಳೆಯಿಲ್ಲ. ಹೆದರುತ್ತೀ. ಮಕ್ಕಳನ್ನು ಅದೇ ಹಾಲಿನ ಲಾರಿಗೆ ಹತ್ತಿಸಿಕೊಂಡು ಕೆಳಗೆ ನನ್ನ ಮನೆಗೆ ಬರುತ್ತೀ, ನನ್ನ ಸೂರಿನಡಿ ಮಲಗುತ್ತೀ. ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ. ಲಾರಿ ಬಂತು. ಡ್ರೈವರು ಒಬ್ಬನೇ ಇಳಿದ.

"ಎಲ್ಲೋ ಅವ್ರು?" ಎಂದೆ.

"ಮೇಲೆ ಇಳಿಸಿ ಬಂದೆ. ನೀವು ಅಲ್ಲೇ ಇರ್ತೀರ ಅಂದ್ಕೊಂಡಿದ್ದೆ, ನೋಡಿದ್ರೆ ಯಾರೂ ಇಲ್ಲ. ಬನ್ನಿ ವಾಪಸ್ ಹೋಗೋಣ ಅಂದೆ. ಇಲ್ಲಣ್ಣ, ಮನೆ ಹಾಕೋಕೆ ಬಂದಿದೀವಿ, ಹಾಕ್ತೀವಿ ಅಂದ್ರು ಅಕ್ಕ. ನಿಮ್ಮ ಮೊಮ್ಮಗ ಆಗ್ಲೇ ಸುತ್ತಿಗೆ ಹಿಡ್ಕೊಂಡು ನಿಂತಿದ್ದ."

ನನಗೆ ಕೋಪ ಬಂತು. ಬೆಳಿಗ್ಗೆ ಹೋಗಿ ಎಳೆದುಕೊಂಡು ಬರುತ್ತೇನೆ ಎಂದೆ. ಬೆಳಿಗ್ಗೆ ಎದ್ದರೆ ಹೊಳೆ ಉಕ್ಕಿ ಮರದ ಸೇತುವೆ ಹೋಗಿತ್ತು. ನೀವು ಆ ಕಡೆ, ನಾನು ಈ ಕಡೆ. ಇಡೀ ಹತ್ತೊಂಬತ್ತನೇ ತಾರೀಕು ನಾನು ಆ ದಡದಲ್ಲಿ ಹೇಗೆ ಓಡಾಡಿದೆ ಎಂಬುದನ್ನು ನಿನ್ನ ಅತ್ತೆಯನ್ನು ಕೇಳು. ಅವಳಿಗೆ ಅಲ್ಲೇ ನಿಜ ಹೇಳಿದೆ. ಐವತ್ತು ವರ್ಷದಲ್ಲಿ ನನ್ನ ಮೇಲೆ ಕೈಯೆತ್ತದವಳು ಟೋಪಿಯನ್ನು ಕಿತ್ತು ಅದರಲ್ಲೇ ಹೊಡೆದಳು. "ಮುದಿಯಾ, ಮಕ್ಕಳನ್ನ ಪಣಕ್ಕಿಟ್ಟು ಆಟ ಆಡ್ತೀಯಾ?" ಎಂದಳು. ಸುಮ್ಮನೆ ಹೊಡೆಸಿಕೊಂಡೆ.

ಇಪ್ಪತ್ತಕ್ಕೆ ನೀರು ಸ್ವಲ್ಪ ಇಳಿಯಿತು. ಮೇಲಿನ ಕಡವಿನಲ್ಲಿ ಕುದುರೆಗಳನ್ನು ಇಳಿಸಿ ದಾಟಿದೆವು. ದಿಬ್ಬ ಹತ್ತುವಾಗ ಏನೇನು ನೋಡಬೇಕಾಗುತ್ತದೋ ಎಂದು ಕಣ್ಣು ಮುಚ್ಚಿಕೊಂಡಿದ್ದೆ, ಕುದುರೆ ತಾನೇ ನಡೆಯಿತು. ಕಣ್ಣು ಬಿಟ್ಟರೆ ಹಸಿರಿನ ನಡುವೆ ನೀಲಿ, ಕೆಂಪು, ಹಳದಿ. ಒಣಹಳ್ಳದಿಂದ ದೂರ. ಕುರಿದಾರಿಯ ಪಕ್ಕಕ್ಕೆ. ಬಾಗಿಲು ಸೂರ್ಯನ ಕಡೆ, ಬೆನ್ನು ಗಾಳಿಗೆ. ಹಗ್ಗ ಒಂದೂ ಸಡಿಲವಿಲ್ಲ. ಹಗ್ಗದ ಮೇಲೆ ಪುಟ್ಟ ಕಾಲುಚೀಲಗಳು ಒಣಗುತ್ತಿದ್ದವು. ನಾನು ಬೈದು ಬರೆದ ಕಾಗದ ಎಷ್ಟು ಅಕ್ಷರವೋ ಅಷ್ಟೂ ಅಲ್ಲಿ ನಿಂತಿತ್ತು. ಇಷ್ಟು ವರ್ಷ ನಾನು ಹೇಳಿದ್ದನ್ನು ಯಾರೂ ಇಷ್ಟು ಸರಿಯಾಗಿ ಕೇಳಿಸಿಕೊಂಡದ್ದಿಲ್ಲ, ಕುಂದುಜ್. ನನ್ನ ಮಗನೂ.

ಕಂಬಳಿ ಮನೆ ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಇಬ್ಬರೂ ಬಂದರು. ಮೇರಿಮ್ ಎರಡೂ ಕೈಯಲ್ಲಿ ಪಾತ್ರೆ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ. ತಿಲೆಕ್ ಹಿಂದಿನಿಂದ ಮೂರು ಚಮಚ ಹಿಡಿದುಕೊಂಡು, ಒಂದನ್ನು ದಾರಿಯಲ್ಲಿ ನೆಕ್ಕುತ್ತಾ.

"ಅಜ್ಜಾ, ನೀವು ಹೊಸಬರು," ಎಂದಳು ಮೇರಿಮ್. "ನಾವು ಇಲ್ಲಿಯವರು. ಎರುಲುಕ್ ತಂದಿದೀವಿ."

"ಯಾರು ಹೊಸಬರು? ನಾನು ಹುಟ್ಟಿದ್ದೇ ಇಲ್ಲಿ!"

"ಆದ್ರೆ ಈ ವರ್ಷ ನಾವು ಮೊದ್ಲು ಬಂದ್ವಿ."

ತಿಲೆಕ್ ಚಮಚ ಚಾಚಿದ. "ತಿನ್ನಿ ಅಜ್ಜಾ. ಮುಖಕ್ಕೆ ಉಗುಳಬಾರದಂತೆ."

ನಿನ್ನ ಅತ್ತೆ ಒಳಗಿನಿಂದ, "ಬರೀರಿ, ಇನ್ನೂ ಕಾಗದ ಬರೀರಿ!" ಎಂದಳು.

ಅದನ್ನು ಉಂಡರೆ ಏನು ಒಪ್ಪಿಕೊಂಡ ಹಾಗೆ ಎಂದು ನನಗೆ ಗೊತ್ತಿತ್ತು. ಅಲ್ಲೊಂದು ಮನೆ ಇದೆ, ಅದಕ್ಕೆ ತನ್ನದೇ ಒಲೆ ಇದೆ ಎಂದು ಒಪ್ಪಿಕೊಂಡ ಹಾಗೆ. ನೆರೆಮನೆಯ ಮಗುವನ್ನು ಯಾರೂ ಎತ್ತಿಕೊಂಡು ಬರುವುದಿಲ್ಲ. ಕೂಸು ಪಾತ್ರೆ ಚಾಚಿಕೊಂಡೇ ನಿಂತಿತ್ತು. ಉಂಡೆ. ಹತ್ತಿದ ತಳವನ್ನೂ ಕೆರೆದು ಉಂಡೆ. ಆದರೂ ಮನಸ್ಸಿನಲ್ಲಿ, ಗಂಜಿ ಗಂಜಿಯ ಕಡೆ, ಮೇರಿಮ್ ಮೇರಿಮ್ ಕಡೆ ಎಂದುಕೊಂಡೆ. ನಾನು ಅಷ್ಟು ಬೇಗ ಸೋಲುವವನಲ್ಲ.

ಆಲಿಕಲ್ಲು ಬಿದ್ದ ಮಧ್ಯಾಹ್ನ ನಿನಗೆ ನೆನಪಿರುತ್ತದೆ. ಮೊಟ್ಟೆಗಾತ್ರದ ಕಲ್ಲು. ನಾನು ಕೈಗೆ ಸಿಕ್ಕಿದ ಕಂಬಳಿಯನ್ನು ತಲೆಗೆ ಹಾಕಿಕೊಂಡು ನಿಮ್ಮ ಕಡೆ ಓಡಿದೆ. ಡೇರೆ ಮಲಗಿರುತ್ತದೆ, ಮಕ್ಕಳು ಅರಚುತ್ತಿರುತ್ತಾರೆ, ಇಬ್ಬರನ್ನೂ ಕಂಕುಳಲ್ಲಿ ಇರುಕಿಕೊಂಡು ಬರುತ್ತೇನೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹತ್ತಿರ ಹೋದರೆ ಒಳಗೆ ಎಣಿಸುವುದು ಕೇಳುತ್ತಿತ್ತು. ನೀನು ಒಂದೊಂದು ಮೂಲೆಗೆ ಒಬ್ಬೊಬ್ಬರನ್ನು ಕೂರಿಸಿ, ತಲೆಯ ಮೇಲೆ ದಿಂಬು ಇಟ್ಟು, ಎಷ್ಟು ಕಲ್ಲು ಬಿತ್ತು ಎಣಿಸಿ ಎಂದಿದ್ದೆ. ತಿಲೆಕ್‌ಗೆ ಹತ್ತರ ಆಚೆ ಬರುವುದಿಲ್ಲ, ಹತ್ತಾದ ಕೂಡಲೇ ಮತ್ತೆ ಒಂದರಿಂದ. "ನಂದು ತುಂಬಾ ಸಲ ಹತ್ತಾಯ್ತು!" ಎಂದು ಕೇಕೆ ಹಾಕುತ್ತಿದ್ದ.

ನಾನು ಜಿಪ್ಪು ಹುಡುಕಿದೆ.

"ಅಜ್ಜಾ, ಬಾಗಿಲು ತೆಗೀಬೇಡಿ, ಕಲ್ಲು ಒಳಗೆ ಬರತ್ತೆ!" ಎಂದ ಅವನೇ.

ಮುಚ್ಚಿದ ಜಿಪ್ಪಿನ ಮುಂದೆ, ಕಂಬಳಿಯಡಿ, ಕೈ ಕಟ್ಟಿಕೊಂಡು ನಿಂತೆ. ನಿನ್ನ ಹೊಲಿಗೆಯ ಮೇಲೆ ಕಲ್ಲು ಬಿದ್ದು ಪುಟಿಯುವುದನ್ನು ನೋಡಿದೆ. ಒಂದು ದಾರ ಕಿತ್ತು ಬರಲಿಲ್ಲ. ಅಷ್ಟು ಹೊತ್ತಿನಲ್ಲಿ ನನ್ನದೇ ಮನೆಯ ಹೊಗೆಕಿಂಡಿಯನ್ನು ಎಳೆದು ಮುಚ್ಚುವವರಿಲ್ಲದೆ ಒಲೆಯೆಲ್ಲ ನೀರಾಗಿ, ಬೆರಣಿ ತೇಲಿ, ನಿನ್ನ ಅತ್ತೆ ನನ್ನ ಏಳು ತಲೆಮಾರನ್ನು ಎಣಿಸುತ್ತಿದ್ದಳು. ಆ ಸಂಜೆ ನೀನು ನಿನ್ನ ಸ್ಟೌವಿನ ಮೇಲೆ ಚಹಾ ಮಾಡಿ ನಮಗೆ ಕಳಿಸಿದೆ. ಚಹಾ ಚೆನ್ನಾಗಿತ್ತು. ಆಗ ಹೇಳಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು. ನೀವು ಹೊರಡುವ ಹಿಂದಿನ ದಿನ ಮೇರಿಮ್‌ಳನ್ನು ಹೆಣ್ಣು ಕುದುರೆಗಳ ಹಾಲು ಕರೆಯುವಲ್ಲಿಗೆ ಕರೆದುಕೊಂಡು ಹೋದೆ. ಮರಿಯ ಹಗ್ಗ ಅವಳ ಕೈಗೆ ಕೊಟ್ಟು ಹೇಳಿದೆ:

"ಇವತ್ತಿಂದ ನನ್ನ ಅಜ್ಜ ಅನ್ಬೇಡ. ಅಪ್ಪ ಅನ್ನು."

"ಮತ್ತೆ ಅಜ್ಜಿ?"

"ಅವಳು ಅಮ್ಮ."

"ಹಾಗಾದ್ರೆ ಅಮ್ಮ?"

"ಅವಳು ನಿಂಗೆ ಅತ್ತಿಗೆ."

"ಅತ್ತಿಗೆ ಅಂದ್ರೆ ಅಣ್ಣನ ಹೆಂಡ್ತಿ. ನಂಗೆ ಅಣ್ಣ ಎಲ್ಲಿದಾನೆ?"

"ನಿನ್ನ ಅಪ್ಪ ಎರ್ಮೆಕ್ ನಿಂಗೆ ಅಣ್ಣ ಆಗ್ತಾನೆ."

ಅವಳು ಮರಿಯ ಹಣೆ ಸವರುತ್ತಾ ಯೋಚಿಸಿದಳು. "ಅಜ್ಜಾ, ಸತ್ತುಹೋದ ಅಪ್ಪನ್ನ ಅಣ್ಣ ಮಾಡಿದ್ರೆ, ಆಮೇಲೆ ನಂಗೆ ಅಪ್ಪ ಇದ್ದೇ ಇರ್ಲಿಲ್ಲ ಅಂತ ಆಗತ್ತಲ್ಲ?" ನನ್ನ ಮುಖ ನೋಡಿ ಕೇಳಿದಳು, "ಇದು ಆಟಾನಾ?"

"ಹೂಂ ಪುಟ್ಟಾ. ಆಟ," ಎಂದೆ.

ನನ್ನನ್ನೂ ಹಾಗೇ ಬೆಳೆಸಿದ್ದು ಎಂದು ಮೊದಲ ಕಾಗದದಲ್ಲಿ ಜಂಬದಿಂದ ಬರೆದಿದ್ದೆ. ಅರ್ಧ ಬರೆದಿದ್ದೆ. ನಾನು ಅಜ್ಜಿಯ ಕಂಬಳಿ ಮನೆಯಲ್ಲಿ ಬೆಳೆದೆ. ಹೆತ್ತವಳು ಪಕ್ಕದ ಕಂಬಳಿ ಮನೆಯಲ್ಲಿ, ಕೂಗಿದರೆ ಕೇಳುವಷ್ಟು ದೂರ. ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದೆ. ಅವಳು ಓ ಎನ್ನುತ್ತಿದ್ದಳು. ಅವರ ಮನೆಯಿಂದ ಏನಾದರೂ ಬಂದರೆ ಅದರಲ್ಲಿ ಒಂದು ಬಟ್ಟಲು ನನಗೆಂದು ಬೇರೆ ಇರುತ್ತಿತ್ತು, ಕೆನೆ ದಪ್ಪಗಿರುತ್ತಿತ್ತು. ಯಾಕೆಂದು ಯೋಚಿಸಿದವನಲ್ಲ. ನನಗೆ ಹತ್ತೊಂಬತ್ತಾದಾಗ ಸತ್ತಳು. ಗಂಡುಮಕ್ಕಳು ಮನೆಯ ಹೊರಗೆ ಕೋಲಿಗೆ ಒರಗಿ, ಬಂದವರಿಗೆ ಕೇಳುವ ಹಾಗೆ, ಅಮ್ಮಾ ಎಂದು ಕೂಗಿ ಅಳಬೇಕಲ್ಲ. ತಮ್ಮಂದಿರು ಕೂಗಿದರು. ನನಗೂ ಕೋಲು ಕೊಟ್ಟರು. ಬಾಯಿ ತೆರೆದೆ. ಬಂದದ್ದು ಅತ್ತಿಗೆ ಎಂಬ ಕೂಗು. ಸುತ್ತ ನಿಂತವರು ತಲೆ ತಗ್ಗಿಸಿದರು. ಬಾಯಿ ಮುಚ್ಚಿಕೊಂಡೆ. ಅವತ್ತಿನಿಂದ ಯಾವುದಕ್ಕೂ ಅತ್ತವನಲ್ಲ, ಕೂಗಾಡುತ್ತೇನೆ ಅಷ್ಟೆ. ಎರ್ಮೆಕ್ ಹೋದಾಗಲೂ ಕೂಗಾಡಿದೆ, ನಿನ್ನ ಮೇಲೆ.

ಇದನ್ನು ನಿನ್ನ ಅತ್ತೆಗೂ ಹೇಳಿರಲಿಲ್ಲ. ಈಗ ಓದಿ ಹೇಳಿದೆ.

ಮೇರಿಮ್ ನಿನ್ನ ಮನೆಯಿಂದಲೇ ಶಾಲೆಗೆ ಹೋಗಲಿ. ನಿನ್ನನ್ನು ಅಮ್ಮ ಎಂದೇ ಕರೆಯಲಿ, ಜೋರಾಗಿ ಕರೆಯಲಿ. ಈ ಮಾತನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ಜಡೆಗೆ ಕಟ್ಟಲು ಬಿಳಿ ರಿಬ್ಬನ್ನು ಈ ಕಾಗದ ತರುವ ಡ್ರೈವರ ಕೈಯಲ್ಲೇ ಬರುತ್ತದೆ. ನಾನೇ ಆರಿಸಿದ್ದು. ತೀರ ದೊಡ್ಡದು ಎಂದು ಅಂಗಡಿಯವಳು ನಕ್ಕಳು.

ನಿನ್ನ ಡೇರೆ ನಿಂತಿದ್ದ ಜಾಗದಲ್ಲಿ ಹುಲ್ಲು ಹಳದಿಯಾಗಿ ಮಲಗಿತ್ತು, ಈಗ ಏಳುತ್ತಿದೆ. ಅದು ಮರೆಯಾಗುವ ಮೊದಲೇ ಚಾವಟಿಯ ಹಿಡಿಯಲ್ಲಿ ಅಳೆದುಕೊಂಡೆ. ಉದ್ದ ಏಳು, ಅಗಲ ಐದು. ಆ ಅಳತೆಗೆ ಸರಿಯಾಗಿ ನಿನ್ನ ಅತ್ತೆ ಉಣ್ಣೆ ಬಡಿದು ಒಂದು ಕಂಬಳಿ ಮಾಡುತ್ತಿದ್ದಾಳೆ, ಕೆಳಗೆ ಹಾಸಲು. ಡೇರೆಯ ನೆಲ ತೀರ ತೆಳುವಾಗಿತ್ತು. ಉಳಿದದ್ದರಲ್ಲಿ ಹುಳುಕು ಕಾಣಲಿಲ್ಲ, ಹುಡುಕಿದೆ. ಆ ಜಾಗಕ್ಕೆ ಈ ವರ್ಷ ಕುರಿ ಬಿಟ್ಟಿಲ್ಲ.

ಬರುವ ಜೂನಿನಲ್ಲಿ ಸುಳ್ಳು ಹೇಳದೆ ನಾನೇ ಮೊದಲು ಬಂದಿರುತ್ತೇನೆ. ನೀನು ಬಂದವಳು ಮನೆ ನಿಲ್ಲಿಸು, ಸ್ಟೌವು ಹಚ್ಚಬೇಡ. ನಲವತ್ತು ಹೆಜ್ಜೆ ಪಾತ್ರೆ ಹೊತ್ತು ಬರುವುದು ನನ್ನ ಸರದಿ. ತಳ ಹತ್ತಿರುವುದಿಲ್ಲ.

ನಿನ್ನ ನೆರೆಮನೆಯವ,
ಒಮುರ್ಜಾಕ್